ಇನ್ನೂರಾ ಇಪ್ಪತ್ತಾರು ಹೆಜ್ಜೆ

ರವಿವಾರ ಬರುವುದೇ ಬೇಡವಾಗಿತ್ತು ಭೀಮಶಿಗೆ. ಆದರೂ ಬಂದಿತ್ತು. ಎಂದಿನಂತೆ ಘಟಪ್ರಭೆಯ ಕಡೆಯಿಂದ ತಂಪು ಗಾಳಿ, ಎಂದಿನಂತೆ ಕಬ್ಬಿನ ಹೊಲದೊಳಗಿನಿಂದ ನವಿಲಿನ ಕೂಗು. ಮಸಗುಪ್ಪಿಯಿಂದ ನಸುಕಿನಲ್ಲೇ ನಡೆದು ಬಂದು ಅವನು ಮೊದಲನೆಯ ಕುಳಿಯ ಸುತ್ತಲಿನ ಎಣ್ಣೆಮರಳಿನ ಮೇಲೆ ಗೋಣಿತಾಟು ಎಳೆಯುತ್ತಿದ್ದ. ಬೇರೆ ಊರುಗಳ ಗಾಲ್ಫ್ ಬೈಲಿನಲ್ಲಿ ಕುಳಿಯ ಸುತ್ತ ಮೆತ್ತನೆಯ ಹುಲ್ಲು ಇರುತ್ತದಂತೆ. ಈ ನೆಲದಲ್ಲಿ ಹುಲ್ಲು ಹಿಡಿಯದು, ಅದಕ್ಕೇ ಮರಳು ಹಾಸಿ, ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಕುಡಿಸಿ, ಚೆಂಡು ಉರುಳುವಂತೆ ನುಣುಪು ಮಾಡುವುದು ಹಿಂದೆ ಈ ಆರು ಕುಳಿಯ ಬೈಲನ್ನು ಮಾಡಿಸಿದ ಗಿರಣಿ ಸಾಹೇಬರ ಕಾಲದಿಂದ ಬಂದ ಪದ್ಧತಿ. ಸಾಹೇಬರು ಹೋದರು, ಗಿರಣಿಯೂ ನಿಂತಿತು, ಬೈಲು ಉಳಿಯಿತು. ಈಗ ಗೋಕಾಕದ ಹತ್ತಿಪ್ಪತ್ತು ಮಂದಿ ವ್ಯಾಪಾರಸ್ಥರು, ಡಾಕ್ಟರರು ಸೇರಿ ಅದನ್ನು ನಡೆಸುತ್ತಾರೆ. ಭೀಮಶಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮರಳು ತುಳಿದು ನೋಡಿದ. ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂಬುದು ಅಂಗಾಲಿಗೆ ತಿಳಿಯುತ್ತಿತ್ತು. ಕಣ್ಣಿಗೆ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಮರಳೂ ನೆಲವೂ ಆಕಾಶವೂ ಒಂದೇ ಹಾಲಿನಲ್ಲಿ ಅದ್ದಿಟ್ಟಂತಿದ್ದವು. ಸೂರ್ಯ ಹುಟ್ಟಿದ ಮೇಲಂತೂ ಆ ಹಾಲಿಗೆ ಬೆಂಕಿ ಹತ್ತಿದಂತೆ. ಎರಡು ದೀಪಾವಳಿಯಿಂದ ಹೀಗೇ ಇತ್ತು. ಗೊತ್ತಿದ್ದವಳು ಹೆಂಡತಿ ಶಂಕ್ರವ್ವ ಒಬ್ಬಳೇ. ಅವಳು ಊರ ಲಕ್ಕವ್ವನಿಗೆ ಬೆಳ್ಳಿಯ ಕಣ್ಣು ಮಾಡಿಸಿ ಏರಿಸಿ ಬಂದಿದ್ದಳು. ದೇವಿಯ ಹಣೆಯ ಕೆಳಗೆ ತನ್ನ ಹೆಸರಿನ ಕಣ್ಣುಗಳು ಎಲ್ಲರ ಎದುರು ಹೊಳೆಯುತ್ತವೆ ಎಂದು ನೆನೆದಾಗಲೆಲ್ಲ ಭೀಮಶಿ ಗುಡಿಯ ಮುಂದಿನ ದಾರಿ ಬಿಟ್ಟು ಹಿತ್ತಲ ದಾರಿ ಹಿಡಿಯುತ್ತಿದ್ದ. ತಾಯಿ ನೋಡಿದರೆ ನೋಡಲಿ, ಊರವರು ಕೇಳಬಾರದು ಎಂಬ ಭಯ.

ಜೀಪು ಕಾಲುವೆಯ ಸೇತುವೆ ಹತ್ತಿತು. ಸದ್ದಿನ ಮೇಲೆಯೇ ಅದು ಗುರುಲಿಂಗಪ್ಪ ಸಾವ್ಕಾರರ ಜೀಪು ಎಂದು ತಿಳಿಯಿತು. ಗೋಕಾಕದಲ್ಲಿ ಬೆಲ್ಲದ ಅಡತಿ ಅಂಗಡಿ ನಡೆಸುವ, ಸಂಕೇಶ್ವರ ಕಡೆಯ ಮನೆತನದ, ಅರವತ್ತಮೂರು ವರ್ಷದ ಮನುಷ್ಯ. ಹದಿನೆಂಟು ವರ್ಷದಿಂದ ಭೀಮಶಿ ಅವರ ಕೋಲಿನ ಚೀಲ ಹೊತ್ತವನು. ಚೀಲ ಯಾರಾದರೂ ಹೊರುತ್ತಾರೆ. ಭೀಮಶಿಯ ಬೆಲೆ ಚೀಲದಲ್ಲಿರಲಿಲ್ಲ, ಹೆಜ್ಜೆಯಲ್ಲಿತ್ತು. ಈ ಬೈಲಿನಲ್ಲಿ ದೂರ ತೋರಿಸುವ ಒಂದು ಗೂಟವೂ ಇಲ್ಲ. ಹಿಂದೆ ಒಬ್ಬ ಎಂಜಿನಿಯರು ಟೇಪು ಹಿಡಿದು ಇವನನ್ನು ನಡೆಸಿ ನೋಡಿದ್ದರು. ನೂರು ಹೆಜ್ಜೆಗೆ ನೂರು ಗಜ, ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂದಿನಿಂದ ಭೀಮಶಿಯ ಹೆಜ್ಜೆ ಎಂದರೆ ಗಜ. ಚೆಂಡು ಬಿದ್ದಲ್ಲಿಗೆ ಎಣಿಸುತ್ತ ನಡೆದು ಹೋಗಿ ಅವನು ಅಂಕಿ ಕೂಗಿದರೆ ಅದರ ಮೇಲೆ ಇನ್ನೊಂದು ಮಾತಿಲ್ಲ. ಎಷ್ಟೋ ಜಗಳಗಳು ಅವನ ಒಂದು ಅಂಕಿಗೆ ತಣ್ಣಗಾಗಿದ್ದವು. ನೇಗಿಲು ಹಿಡಿದ ವಂಶದವನಿಗೆ ದೊಡ್ಡವರ ನಡುವೆ ಸಿಕ್ಕ ಮಾನ ಅದು. ಶಿವ ಕೊಟ್ಟದ್ದು ಎಂದು ಅವನು ನಂಬಿದ್ದ, ಮತ್ತು ಶಿವ ಕೊಟ್ಟದ್ದನ್ನು ಕಾಯಬೇಕು ಎಂದೂ.

"ಭೀಮಶಣ್ಣ, ಕೇಳಿದೇನು?" ಯಲ್ಲಾರಿ ಹಿಂದಿನಿಂದ ಬಂದ. ನಲವತ್ತರ ಗಂಡಸು, ಇವನಂತೆಯೇ ಚೀಲ ಹೊರುವವನು. ಚೆಂಡು ಬೀಳುವ ಕಡೆ ಮುಂದೆ ಹೋಗಿ ನಿಂತು ಟಾವೆಲು ಬೀಸಿ ತೋರಿಸುವುದು ಅವನ ಕೆಲಸ. "ಸಾವ್ಕಾರ್ರ ಅಣ್ಣನ ಮಗ ಮಹೇಶ ಪುಣೆಯಿಂದ ಎರಡು ಮಷಿನ್ ತಂದಾನಂತ. ಒಂದು ಲೇಸರ್ ದುರ್ಬೀನು, ಒಂದು ಉಪಗ್ರಹದ ಗಡಿಯಾರ. ದೂರ ಅಳ್ಯಾಕ. ನಾಳಿಯಿಂದ ನಿನ್ನ ಕಾಲಿಗೆ ಪಿಂಚಣಿ ಬಿಡ."

"ಬರಲಿ ಬಿಡು" ಎಂದ ಭೀಮಶಿ.

"ಎರಡರಾಗ ಒಂದ ಇಟ್ಕೊಂಡು ಇನ್ನೊಂದು ವಾಪಸ್ ಕಳಸ್ತಾರಂತ. ಯಾವುದು ಇಡಬೇಕಂತ ನೀನ ಹೇಳಬೇಕಂತ. ನಿನ್ನ ಕೈಲೇ ನಿನ್ನ ಸವತಿನ್ನ ಆರಿಸಿ ತರೂದು ನೋಡು ಇದು."

ಭೀಮಶಿ ನಕ್ಕ. ನಗೆಯ ಸದ್ದು ತನಗೇ ಪರಕೀಯವೆನಿಸಿತು. ಆ ಸಂಗತಿ ಅವನಿಗೆ ಗುರುವಾರವೇ ಗೊತ್ತಿತ್ತು. ಕೋಲುಗಳನ್ನು ಒರೆಸಿಡಲು ಸಾವ್ಕಾರರ ಮನೆಗೆ ಹೋದಾಗ ಪಡಸಾಲೆಯಲ್ಲಿ ಮಹೇಶ ಎರಡನ್ನೂ ಬಿಚ್ಚಿಟ್ಟುಕೊಂಡು ವಿವರಿಸುತ್ತಿದ್ದ. ಲೇಸರಿನದನ್ನು ಕಣ್ಣಿಗೆ ಹಿಡಿದು ಧ್ವಜಕ್ಕೆ ಗುರಿಯಿಟ್ಟು ಗುಂಡಿ ಒತ್ತಬೇಕು, ಎಷ್ಟು ಗಜ ಎಂದು ಒಳಗೇ ಕೆಂಪು ಅಂಕಿ ಬರುತ್ತದೆ. ಆದರೆ ಕೈ ನಡುಗಬಾರದು, ಕಣ್ಣು ನೆಟ್ಟಗಿರಬೇಕು. ಗಡಿಯಾರಕ್ಕೆ ಗುರಿ ಬೇಡ, ಕಣ್ಣು ಬೇಡ; ಅದು ಆಕಾಶದಲ್ಲಿನ ಉಪಗ್ರಹಗಳ ಜೊತೆ ಮಾತಾಡಿಕೊಂಡು ತಾನೇ ಹೇಳುತ್ತದೆ. ಈ ಬೈಲು ಅದರ ನಕಾಶೆಯಲ್ಲಿ ಇಲ್ಲ, ಹಾಗಾಗಿ ಇಲ್ಲಿ ಧ್ವಜದ ದೂರ ಅದಕ್ಕೆ ತಿಳಿಯದು. ಬೆಳಗಾವಿ, ಕೊಲ್ಹಾಪುರದ ಬೈಲುಗಳು ಅದರಲ್ಲಿವೆ. ಆದರೆ ಹೊಡೆದಲ್ಲಿ ಒಮ್ಮೆ ಒತ್ತಿ, ಚೆಂಡು ಬಿದ್ದಲ್ಲಿಗೆ ನಡೆದು ಇನ್ನೊಮ್ಮೆ ಒತ್ತಿದರೆ ಚೆಂಡು ಎಷ್ಟು ದೂರ ಹೋಯಿತೆಂದು ಎಲ್ಲಿ ಬೇಕಾದರೂ ಹೇಳುತ್ತದೆ. ಚಾಳೀಸು ಕನ್ನಡಕ ಇಲ್ಲದೆ ಓದಬಹುದಾದ ದಪ್ಪ ಅಂಕಿಯಲ್ಲಿ, ಸಾವ್ಕಾರರ ಮುಂಗೈ ಮೇಲೆಯೇ. ಅದನ್ನು ಕೇಳಿದ ಗಳಿಗೆಯಲ್ಲೇ ಭೀಮಶಿಯ ಒಳಗೆ ಯಾವುದೋ ಒಂದು ನಿರ್ಧಾರ ತಾನಾಗಿ ಆಗಿಹೋಗಿತ್ತು. ಗಡಿಯಾರ ಬೇಡ, ಲೇಸರ್ ಇರಲಿ. ಲೇಸರ್ ತನ್ನ ಕೈಯಲ್ಲಿರುತ್ತದೆ. ಅದರೊಳಗಿನ ಅಂಕಿ ಹಿಡಿದವನ ಕಣ್ಣಿಗಷ್ಟೇ; ತನಗೆ ಕಾಣದಿದ್ದರೂ ಸಾವ್ಕಾರರಿಗೂ ಕಾಣುವುದಿಲ್ಲ. ಹೀಗೆ ಯೋಚಿಸಿದವನು ತಾನೇ ಎಂದು ತಿಳಿದಾಗ ಅವನು ಒರೆಸಿಟ್ಟ ಕೋಲನ್ನೇ ಮತ್ತೊಮ್ಮೆ ಒರೆಸತೊಡಗಿದ್ದ. ಹೊರಡುವಾಗ ಸಾವ್ಕಾರರ ಹೆಂಡತಿ ಶಿವವ್ವ ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ದನಿ ತಗ್ಗಿಸಿ ಹೇಳಿದ್ದಳು: "ಭೀಮಶಿ, ಇವ್ರು ಎದೀ ಗುಳಿಗಿ ಬಿಟ್ಟು ಎರಡ ತಿಂಗಳಾತು. ಚೆಂಡು ಇನ್ನೂರಾ ಇಪ್ಪತ್ತು ಗಜ ಹೊಡಿಯಾಂವಗ ಗುಳಿಗಿ ಯಾಕ ಅಂತಾರ. ಡಾಕ್ಟರ್ ಮಾತು ಕೇಳೂದಿಲ್ಲ, ನನ್ನ ಮಾತಂತೂ ಕೇಳೂದ ಇಲ್ಲ. ನೀನರ ಒಂದ ಮಾತ ಹೇಳು." ಹೇಳ್ತೇನ್ರಿ ಅವ್ವಾರ ಎಂದಿದ್ದ. ಅವಳು ಕೊಟ್ಟ ಚಹಾ ಕುಡಿದು ಬಂದಿದ್ದ.

"ಏ ಭೀಮಶಿ, ಬಾರೋ. ನಿನಗ ಇಬ್ಬರ ಹೊಸಾ ಗೆಳ್ಯಾರನ್ನ ತಂದೇನಿ" ಎಂದು ಜೀಪಿನಿಂದಿಳಿಯುತ್ತ ಕೂಗಿದರು ಗುರುಲಿಂಗಪ್ಪ. ದನಿಯ ಕಡೆಗೆ ಭೀಮಶಿ ಮುಖ ತಿರುಗಿಸಿದ. ಬಿಳಿ ಬಟ್ಟೆಯ ಒಂದು ಎತ್ತರದ ಮಸುಕು ತೇಲಿಕೊಂಡು ಬಂತು, ಅದರ ಜೊತೆ ಇನ್ನೊಂದು ನೀಲಿ ಮಸುಕು. ನೀಲಿಯದು ಮಹೇಶನಿರಬೇಕು. ವಿಭೂತಿಯ ವಾಸನೆ ಮೊದಲು ಬಂತು. ಅದರ ಹಿಂದೆಯೇ ಸಾವ್ಕಾರರ ಉಸಿರು. ಕಣ್ಣು ಹೋದ ಮೇಲೆ ಕಿವಿ ಚುರುಕಾಗಿತ್ತು ಭೀಮಶಿಗೆ. ಜೀಪಿನಿಂದ ಇಲ್ಲಿಗೆ ಹತ್ತು ಮಾರು ನಡೆದದ್ದಕ್ಕೇ ಆ ಉಸಿರಿನ ತುದಿಯಲ್ಲಿ ಸಣ್ಣದೊಂದು ಸೀಟಿ ಇತ್ತು, ಬಿರುಕುಬಿಟ್ಟ ಕೊಳಲಿನಲ್ಲಿ ಗಾಳಿ ಹಾದಂತೆ. ಅದು ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಸ್ವತಃ ಸಾವ್ಕಾರರಿಗೂ ಕೇಳಿಸುತ್ತಿರಲಿಲ್ಲ.

"ಮಹೇಶಗ ಹೇಳೇನಿ" ಎಂದರು ಅವರು. "ಅಂಗಡಿಯವ ಹೇಳಿದ್ದು, ಮೊಬೈಲಿನಾಗ ಬರದದ್ದು ನನಗ ಬ್ಯಾಡ. ನಮ್ಮ ಭೀಮಶಿ ಅಂಕಿ ಹೇಳ್ತಾನ, ಯಾವ ಮಷಿನ್ ಅವನ ಅಂಕಿಗೆ ಹೊಂದತೈತಿ ಅದು ಖರೆ, ಯಾವುದು ಹೊಂದೂದಿಲ್ಲ ಅದು ವಾಪಸ್."

"ಕಾಕಾ, ಮನುಷ್ಯಾನ್ನ ಇಟ್ಕೊಂಡು ಮಷಿನ್ ಪರೀಕ್ಷಾ ಮಾಡೋರನ್ನ ನಿಮ್ಮನ್ನ ನೋಡಿದೆ" ಎಂದು ಮಹೇಶ ನಕ್ಕ. ಅದರಲ್ಲಿ ಕುಹಕವಿರಲಿಲ್ಲ.

ಹುಕ್ಕೇರಿಯ ಕಣ್ಣಿನ ಶಿಬಿರದಲ್ಲಿ ಅಕ್ಷರ ಓದಿಸುತ್ತಿದ್ದ ಹುಡುಗಿಯೂ ಹೀಗೇ ಕುಹಕವಿಲ್ಲದೆ ನಕ್ಕಿದ್ದಳು. ಅಕ್ಕನ ಮನೆಗೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿ ಹೋಗಿ ಸಾಲಿನಲ್ಲಿ ನಿಂತಿದ್ದ. ಗೋಡೆಯ ಮೇಲೆ ಅಕ್ಷರದ ಹಾಳೆ. ಮುಂದೆ ನಿಂತವರು ಒಬ್ಬೊಬ್ಬರಾಗಿ ಓದುತ್ತಿದ್ದರು. ಮೂರು ಮಂದಿ ಓದಿ ಮುಗಿಸುವುದರೊಳಗೆ ಇವನಿಗೆ ಹಾಳೆ ಬಾಯಿಪಾಠವಾಗಿತ್ತು. ತನ್ನ ಸರದಿ ಬಂದಾಗ ಸಾಲಿ ಹುಡುಗನಂತೆ ನೆಟ್ಟಗೆ ನಿಂತು ಗಡಗಡ ಒಪ್ಪಿಸಿಬಿಟ್ಟ, ಮೇಲಿನ ದಪ್ಪ ಅಕ್ಷರದಿಂದ ಕೊನೆಯ ಸಣ್ಣ ಸಾಲಿನ ತನಕ. ಆಮೇಲೆ ಆ ಹುಡುಗಿ ಮೆಲ್ಲಗೆ, "ಅಜ್ಜಾ, ನಾ ಇನ್ನ ಅಕ್ಷರದ ಮ್ಯಾಲ ಕೋಲ ಇಟ್ಟಿಲ್ಲ" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಎರಡೂ ಕಣ್ಣಿಗೆ ಮೋತಿಬಿಂದು, ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ, ಆಮೇಲೆ ಒಂದು ತಿಂಗಳು ಬಾಗಬಾರದು, ಭಾರ ಎತ್ತಬಾರದು ಎಂದರು ಡಾಕ್ಟರರು. ಒಂದು ತಿಂಗಳು ಚೀಲ ಯಲ್ಲಾರಿಯ ಹೆಗಲಿಗೆ ಹೋದರೆ ತಿರುಗಿ ಬರುವುದಿಲ್ಲ ಎಂದು ಭೀಮಶಿ ಲೆಕ್ಕ ಹಾಕಿ, ನೀರು ಕುಡಿದು ಬರುತ್ತೇನೆಂದು ಎದ್ದವನು ನೇರ ಬಸ್‌ಸ್ಟ್ಯಾಂಡಿಗೆ ಬಂದಿದ್ದ. ಈಗ ಮಹೇಶ ಅವನ ಕೈಗೆ ದುರ್ಬೀನಿನಂಥ ಆ ಸಣ್ಣ ಭಾರವನ್ನು ಇಟ್ಟು ಬೆರಳು ಹಿಡಿದು ಗುಂಡಿ ತೋರಿಸುತ್ತಿದ್ದ. ಅವರು ಮೊದಲನೆಯ ಕುಳಿಯ ಮೊದಲ ಹೊಡೆತ ಮುಗಿಸಿ ಬನ್ನಿಗಿಡದ ಹತ್ತಿರ ಬಂದಿದ್ದರು. ಭೀಮಶಿ ಅದನ್ನು ಕಣ್ಣಿಗೆ ಹಿಡಿದ. ಹಾಲಿನೊಳಗೆ ಒಂದು ಕೆಂಪು ಕಲೆ ನಡುಗಿತು, ಅಷ್ಟೇ. ಧ್ವಜ ಎಲ್ಲಿದೆಯೋ, ಅದರ ಹಿಂದಿನ ಜಾಲಿಮರ ಎಲ್ಲಿದೆಯೋ. ಗುಂಡಿ ಒತ್ತಿದ. ಕೆಂಪು ಕಲೆ ಆಕಾರ ಬದಲಿಸಿತು.

"ನೂರಾ ನಲವತ್ತು ರಿ" ಎಂದ.

ಬನ್ನಿಗಿಡದಿಂದ ಮೊದಲನೆಯ ಧ್ವಜಕ್ಕೆ ನೂರಾ ನಲವತ್ತು. ಹದಿನೆಂಟು ವರ್ಷದಿಂದ ನೂರಾ ನಲವತ್ತು. ಮಹೇಶ ತಾನು ಹಿಡಿದು ನೋಡಿದ. "ನೂರಾ ನಲವತ್ತೊಂದು ಕಾಕಾ" ಎಂದ ಅವನ ದನಿಯಲ್ಲಿ ನಿಜವಾದ ಅಚ್ಚರಿಯಿತ್ತು.

"ಹಾಂ, ನೋಡು" ಎಂದರು ಗುರುಲಿಂಗಪ್ಪ. ಮಗನ ನೌಕರಿಯ ಸುದ್ದಿ ಬಂದಷ್ಟು ಹಿಗ್ಗು ಆ ಮಾತಿನಲ್ಲಿ. ಭೀಮಶಿಯ ಬೆನ್ನಿಗೆ ಕೈ ಹಾಕಿದರು. "ಒಂದ ಗಜ ಫರಕ್. ಆ ಒಂದ ಗಜಾನೂ ಮಷಿನ್ದ ತಪ್ಪ ಇರಬೇಕು." ಬೆನ್ನ ಮೇಲೆ ಆ ಅಂಗೈ ಬೆಚ್ಚಗೆ ಕೂತಿತ್ತು. ಅದು ಅಲ್ಲಿರುವಷ್ಟು ಹೊತ್ತು ಭೀಮಶಿಗೆ ತನ್ನ ಬೆನ್ನು ಎಲ್ಲಿಂದಲೋ ಕದ್ದು ತಂದ ಸಾಮಾನಿನಂತೆ ತೋರಿತು. ಹೊಗಳಿಕೆಯಲ್ಲಿ ಸುಳ್ಳಿರಲಿಲ್ಲ, ಅಂಕಿಯಲ್ಲೂ ಸುಳ್ಳಿರಲಿಲ್ಲ. ನಡುವೆ ನಿಂತವನು ಮಾತ್ರ ಸುಳ್ಳಾಗಿದ್ದ.

ಎರಡನೆಯ ಕುಳಿ ಉದ್ದನೆಯದು. ಗುರುಲಿಂಗಪ್ಪ ಚೆಂಡು ಹೊಡೆಯುವ ಕಟ್ಟೆಯ ಮೇಲೆ ಸುಣ್ಣ ಬಳಿದ ಕಲ್ಲಿನ ಬಾಜೂ ನಿಂತು, ಎದೆಯ ಮೇಲಿನ ಲಿಂಗವಸ್ತ್ರವನ್ನು ಅಂಗಿಯೊಳಗೆ ಸರಿಸಿಕೊಂಡು, ಓಂ ನಮಃ ಶಿವಾಯ ಎಂದು ದೊಡ್ಡ ಕೋಲು ಬೀಸಿದರು. ಹೊಡೆತದ ಸದ್ದು ಚಲೋ ಇತ್ತು. ಮಹೇಶ ಅವರ ಮುಂಗೈಯಲ್ಲಿದ್ದ ಗಡಿಯಾರ ಒತ್ತಿದ. ದೂರದಲ್ಲಿ ಯಲ್ಲಾರಿ ಟಾವೆಲು ಬೀಸಿರಬೇಕು; "ಯಲ್ಲಾರಿ ಎಡಕ್ಕ ತೋರಸಾಕತ್ತಾನ" ಎಂದು ಮಹೇಶ ಅಂದ. ಭೀಮಶಿ ಚೀಲ ಹೆಗಲಿಗೇರಿಸಿ ಎಣಿಸುತ್ತ ನಡೆದ. ಒಂದು, ಎರಡು. ಬಲಗಾಲು ಮುಂದಿಟ್ಟು, ಬೆರಳಿನಿಂದ ನೆಲ ತಡವಿ, ಆಮೇಲೆ ಭಾರ ಬಿಡುವುದು. ಹೆಗ್ಗಣದ ಬಿಲದಲ್ಲಿ ಕಾಲು ಸಿಕ್ಕು ಬಿದ್ದ ಮೇಲೆ ಕಾಲುಗಳು ತಾವೇ ಕಲಿತುಕೊಂಡ ನಡಿಗೆ ಅದು. ಹೆಜ್ಜೆ ಕಿರಿದಾದದ್ದು ಮೊದಲು ತಿಳಿಯಲೇ ಇಲ್ಲ. ಅಂಕಿ ಮಾತ್ರ ಏರತೊಡಗಿತು. ನೂರಾ ಎಂಬತ್ತು ಹೊಡೆಯುತ್ತಿದ್ದ ಸಾವ್ಕಾರರು ನೂರಾ ತೊಂಬತ್ತಾರು ಹೊಡೆದರು, ಇನ್ನೂರಾ ಮೂರು ಹೊಡೆದರು. ಬೆಳ್ಳಿಯ ಕಣ್ಣು ಏರಿಸುವ ಮೊದಲು ಒಂದು ಸಂಜೆ ಮನೆಯಿಂದ ಲಕ್ಕವ್ವನ ಗುಡಿಗೆ ಹೋಗುವಾಗ, ಹುಟ್ಟಿದಾಗಿನಿಂದ ಮುನ್ನೂರು ಹೆಜ್ಜೆ ಇದ್ದ ದಾರಿ ಮುನ್ನೂರಾ ಎಪ್ಪತ್ತಕ್ಕೆ ಮುಗಿಯಿತು. ಭೀಮಶಿ ಗುಡಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಊರು ಉದ್ದವಾಗಿರಲಿಲ್ಲ. ಮರುದಿನವೇ ಹೇಳಬೇಕೆಂದು ಹೋದ. ಅಂದೇ ಗುರುಲಿಂಗಪ್ಪ ಇನ್ನೂರಾ ಇಪ್ಪತ್ತು ದಾಟಿದ ಸಂತೋಷಕ್ಕೆ ಬೈಲಿನಲ್ಲಿದ್ದವರಿಗೆಲ್ಲ ಕರದಂಟು ಹಂಚುತ್ತಿದ್ದರು. ಮೊದಲ ತುಂಡು ಇವನ ಬಾಯಿಗೇ ಹಾಕಿದರು. ಅಂಟು ಹಲ್ಲಿಗೆ ಕಚ್ಚಿಕೊಂಡಿತು. ಮಾತು ಅದರ ಹಿಂದೆ ಉಳಿಯಿತು. ಸಿಕ್ಕಿಬೀಳುವ ದಾರಿ ಇರಲಿಲ್ಲವೆಂದಲ್ಲ. ಹೊಡೆದ ದೂರವನ್ನೂ ಉಳಿದ ದೂರವನ್ನೂ ಒಂದು ದಿನ ಕೂಡಿಸಿ ನೋಡಿದ್ದರೆ ಕುಳಿ ಪ್ರತಿ ತಿಂಗಳು ಉದ್ದವಾಗುತ್ತಿರುವುದು ತಿಳಿಯುತ್ತಿತ್ತು. ಮೂರು ಲಾರಿಯ ಬೆಲ್ಲದ ತೂಕವನ್ನು ನಿಂತಲ್ಲೇ ಕೂಡಿಸುವ ಮನುಷ್ಯ ಆ ಎರಡು ಅಂಕಿಯನ್ನು ಎಂದೂ ಕೂಡಿಸಲಿಲ್ಲ.

ಹೋದ ಸೋಮವಾರ ಮಠದ ಅನುಭಾವಗೋಷ್ಠಿಯಲ್ಲಿ ಅವರು ಎದ್ದು ನಿಂತು ಹೇಳಿದ ಮಾತೂ ನೆನಪಿತ್ತು. ಭೀಮಶಿ ಹೊರಗೆ ಚಪ್ಪಲಿಗಳ ಬಾಜೂ ಕೂತು ಕೇಳಿದ್ದ. ಇಳಿವಯಸ್ಸಿನಲ್ಲಿ ಶಿವ ತಮಗೆ ಪ್ರಾಯದ ಬಲ ಮರಳಿ ಕೊಟ್ಟಿದ್ದಾನೆ, ಇದು ಮಾತ್ರೆ ಔಷಧಿಯದಲ್ಲ, ಲಿಂಗಪೂಜೆಯ ಫಲ ಎಂದು ಲಿಂಗವನ್ನು ಕೈಯಲ್ಲಿ ಹಿಡಿದು ಹೇಳಿದ್ದರು. ಜನ ಕೈ ಮುಗಿದಿದ್ದರು. ಒಳಗೆ ಮಂಗಳಾರತಿಯ ಗಂಟೆ ಬಾರಿಸುತ್ತಿದ್ದಾಗ ಭೀಮಶಿ ಹೊರಗೆ ತನ್ನ ಎರಡು ಪಾದಗಳನ್ನು ಧೋತರದ ಅಂಚಿನಡಿಗೆ ಎಳೆದುಕೊಂಡು ಮುಚ್ಚಿದ್ದ. ಬೈಲಿನಲ್ಲಿ ಎಣಿಕೆ ನಡೆದೇ ಇತ್ತು. ಇನ್ನೂರಾ ಇಪ್ಪತ್ತನಾಲ್ಕು, ಇನ್ನೂರಾ ಇಪ್ಪತ್ತೈದು. ಕಾಲಿಗೆ ಯಲ್ಲಾರಿಯ ನೆರಳಿನ ತಂಪು ತಾಕಿತು.

"ಇನ್ನೂರಾ ಇಪ್ಪತ್ತಾರು" ಎಂದು ಕೂಗಿದ. ದನಿ ಎಂದಿನಷ್ಟೇ ಗಟ್ಟಿಯಾಗಿತ್ತು.

ಗುರುಲಿಂಗಪ್ಪ ಹಿಂದಿನಿಂದ ಬಂದು ನಿಂತರು. ಏರು ಹತ್ತಿ ಬಂದ ಉಸಿರಿನಲ್ಲಿ ಸೀಟಿ ಉದ್ದವಾಗಿತ್ತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವರು ಗಾಳಿಯನ್ನು ಹುಡುಕುತ್ತಿದ್ದರು. ಮಹೇಶ ಅವರ ಮುಂಗೈ ಹಿಡಿದು ಗಡಿಯಾರ ಒತ್ತಿದ. ಆಮೇಲೆ, "ಇದು ನೂರಾ ಎಂಬತ್ತೊಂದು ಅಂತೈತಿ" ಎಂದ.

"ಎಷ್ಟು?"

"ನೂರಾ ಎಂಬತ್ತೊಂದು, ಕಾಕಾ."

ಗಾಳಿಯಲ್ಲಿ ಯಲ್ಲಾರಿಯ ಟಾವೆಲು ಪಟಪಟ ಎಂದಿತು. ಗುರುಲಿಂಗಪ್ಪ ನಕ್ಕರು. "ತಗಿ ಇದನ್ನ, ವಾಪಸ್ ಕಳಸು. ಆಕಾಶದಾಗ ಕುಂತದ್ದಕ್ಕ ನಮ್ಮ ಗೋಕಾಕದ ನೆಲ ಏನ ತಿಳಿತೈತಿ? ನಮ್ಮ ಬೈಲ ಅದಕ್ಕ ಗೊತ್ತಿಲ್ಲಂತ ನೀನ ಹೇಳಿದಿ. ದುರ್ಬೀನ ಇಟ್ಕೊಳ್ಳೂಣು. ಅದಕ್ಕೂ ಭೀಮಶಿಗೂ ಜೋಡಿ ಕೂಡತೈತಿ."

ಭೀಮಶಿ ಬಯಸಿದ್ದು ಇದನ್ನೇ. ಕೇಳದೆಯೇ ಸಿಕ್ಕಿತ್ತು. ಸಿಕ್ಕದ್ದಕ್ಕೇ ಅವನಿಗೆ ನಾಚಿಕೆಯಾಯಿತು.

"ಆಗಲಿ ಕಾಕಾ" ಎಂದ ಮಹೇಶ. ಅವನಿಗೆ ಗೆಲ್ಲುವ ಹಟವಿರಲಿಲ್ಲ, ತಿಳಿಯುವ ಹಟವಿತ್ತು. "ದುರ್ಬೀನನ್ನ ನೀವು ಒಪ್ಪಿದ್ರಿ. ಹಂಗಾದ್ರ ಅದರಿಂದನ ಹಿಂದ ಕಟ್ಟಿ ಮ್ಯಾಲಿನ ಸುಣ್ಣದ ಕಲ್ಲಿಗೆ ಗುರಿ ಇಟ್ಟು ನೋಡೂಣು. ಗಡಿಯಾರ ಖರೆನೋ ಸುಳ್ಳೋ ತಿಳಿತೈತಿ." ಅವನು ದುರ್ಬೀನನ್ನು ಕಣ್ಣಿಗೆ ಎತ್ತಿರಬೇಕು, ಗುರುಲಿಂಗಪ್ಪ ತಡೆದರು.

"ನೀ ಬ್ಯಾಡ. ನೀ ನೋಡಿದ್ರ ಭೀಮಶಿನ್ನ ಪರೀಕ್ಷಾ ಮಾಡಿದಂಗ ಆಕ್ಕತಿ. ಹದಿನೆಂಟ ವರ್ಷ ನನ್ನ ಜೋಡಿ ನಡದಾಂವ. ಅವನ ಕೈಯಾಗ ಕೊಡು. ಅವನ ನೋಡಿ ಅವನ ಹೇಳಲಿ. ಅವ ಹೇಳಿದ್ದ ಕಡೀ ಮಾತು."

ದುರ್ಬೀನು ಮತ್ತೆ ಅವನ ಕೈಗೆ ಬಂತು. ಭೀಮಶಿ ಕಟ್ಟೆಯ ದಿಕ್ಕಿಗೆ ತಿರುಗಿ ಎತ್ತಿದ. ಎಂದೋ ನೋಡಿದ್ದ ಕಲ್ಲು ನೆನಪಿನಲ್ಲಿ ಬೆಳ್ಳಗೆ ನಿಂತಿತ್ತು, ತಲೆಯ ಮೇಲೆ ಕಾಗೆಯ ಹಿಕ್ಕೆ ಸಮೇತ. ಗಾಜಿನೊಳಗೆ ಏನೂ ಇರಲಿಲ್ಲ. ಬೆಳಕು, ಬರಿ ಬೆಳಕು, ಅದರೊಳಗೆ ಕೆಂಪಗೊಂದು ಗಾಯ. ಏನು ಹೇಳಿದರೂ ನಡೆಯುತ್ತದೆ. ಇನ್ನೂರಾ ಇಪ್ಪತ್ತಾರು ಎಂದರೆ ನಡೆಯುತ್ತದೆ. ಮಹೇಶ ಗಡಿಯಾರವನ್ನು ಡಬ್ಬಿಯಲ್ಲಿಟ್ಟು ಪುಣೆಗೆ ಒಯ್ಯುತ್ತಾನೆ. ಸಾವ್ಕಾರರು ಮನೆಗೆ ಹೋಗಿ ಶಿವವ್ವನಿಗೆ ಮಷಿನ್ನೂ ಒಪ್ಪಿತು ನೋಡು ಎನ್ನುತ್ತಾರೆ. ಎಡಗಿವಿಯ ಬಾಜೂಕ್ಕೆ ಆ ಉಸಿರು ಕಾಯುತ್ತಿತ್ತು. ಎಳೆದುಕೊಳ್ಳುವಾಗ ಸೀಟಿ, ಬಿಡುವಾಗ ಸೀಟಿ. ಭೀಮಶಿ ಅದನ್ನು ಎಣಿಸತೊಡಗಿದ, ಎಣಿಸುವುದೊಂದೇ ಅವನಿಗೆ ಗೊತ್ತಿದ್ದ ವಿದ್ಯೆ. ಒಂದು, ಎರಡು, ಮೂರು. ನಾಲ್ಕನೆಯದು ಬರುವುದು ಒಂದು ಚೂರು ತಡವಾಯಿತು. ಅಷ್ಟೇ ತಡ, ಆದರೆ ಆ ತಡದೊಳಗೆ ಅವನಿಗೆ ಸಾವ್ಕಾರರ ಮನೆಯ ಬಾಗಿಲು, ಬಾಗಿಲಲ್ಲಿ ಶಿವವ್ವ, ಅವಳ ಕೈಯ ಚಹಾದ ಬಟ್ಟಲು ಎಲ್ಲ ಕಂಡಿತು. ಎರಡು ವರ್ಷದಲ್ಲಿ ಏನನ್ನೂ ಅಷ್ಟು ಸ್ಪಷ್ಟವಾಗಿ ಅವನು ಕಂಡಿರಲಿಲ್ಲ. ದುರ್ಬೀನು ಕೆಳಗಿಳಿಸಿದ.

"ಕಾಣವಲ್ದ್ರಿ."

"ಗಾಜ ಒರಸಿ ನೋಡೋ" ಎಂದು ಗುರುಲಿಂಗಪ್ಪ ತಮ್ಮ ಕರವಸ್ತ್ರವನ್ನು ಅವನ ಕೈಗೆ ತುರುಕಿದರು.

"ಗಾಜ ಸ್ವಚ್ಛ ಐತ್ರಿ ಸಾವ್ಕಾರ್ರ. ನನ್ನ ಕಣ್ಣಾಗ ಮೋತಿಬಿಂದು ಐತಿ. ಕಲ್ಲು ಕಾಣೂದಿಲ್ಲ. ಧ್ವಜಾನೂ ಕಾಣೂದಿಲ್ಲ. ಯಲ್ಲಾರಿ ಟಾವೆಲ್ಲೂ ಕಾಣೂದಿಲ್ಲ."

"ಎಂದಿನಿಂದ?"

"ಎರಡ ದೀಪಾವಳಿ ಆದುವ್ರಿ."

"ಮತ್ತ ಆಗಳೆ ನೂರಾ ನಲವತ್ತಂದಿ?"

"ಅದು ಬಾಯಿಪಾಠ ರಿ."

ಯಲ್ಲಾರಿ ಟಾವೆಲು ಮಡಚುವ ಸದ್ದು. ಗುರುಲಿಂಗಪ್ಪ ಮುಂದಿನ ಪ್ರಶ್ನೆ ಕೇಳಲಿಲ್ಲ. ಅವರು ಕೇಳುವುದಿಲ್ಲ, ಕೇಳಲಾರರು ಎಂದು ಭೀಮಶಿಗೆ ತಿಳಿಯಿತು. ಕೇಳದಿದ್ದರೂ ಉತ್ತರ ತಾನೇ ಹೇಳಬೇಕಾಗಿತ್ತು.

"ಇನ್ನೂರಾ ಇಪ್ಪತ್ತಾರು ಹೆಜ್ಜಿ ಆದುವ್ರಿ. ಒಂದೂ ತಪ್ಪಿಸಿ ಎಣಿಸಿಲ್ಲ. ಆದ್ರ ಹೆಜ್ಜಿ ಸಣ್ಣ ಆಗ್ಯಾವು. ನೆಲ ಕಾಣೂದಿಲ್ಲಲ್ರಿ, ಕಾಲ ಅಂಜತಾವು. ಗಡಿಯಾರ ಹೇಳಿದ್ದ ಖರೆ ಐತ್ರಿ. ಮೊದಲ ಹೊಡೀತಿದ್ದಷ್ಟ ಈಗೂ ಹೊಡಿಯಾಕತ್ತೀರಿ ನೀವು. ಒಂದ ಗಜ ಹೆಚ್ಚಿಲ್ಲ." ಅವನು ಆ ಉಸಿರಿನ ಕಡೆಗೆ ಮುಖ ತಿರುಗಿಸಿದ. "ಗುಳಿಗಿ ಬಿಡಬ್ಯಾಡ್ರಿ ಸಾವ್ಕಾರ್ರ. ನಿಮ್ಮ ಉಸರು ಚಲೋ ಇಲ್ಲ. ನನಗ ಕೇಳಸ್ತೈತಿ."

"ಮಹೇಶ" ಎಂದರು ಗುರುಲಿಂಗಪ್ಪ, "ನೀನೂ ಯಲ್ಲಾರಿನೂ ಮುಂದ ನಡೀರಿ."

ಇಬ್ಬರ ಹೆಜ್ಜೆ ದೂರ ಸರಿಯುವುದನ್ನು ಭೀಮಶಿ ಕೇಳಿದ. ಉಳಿದದ್ದು ಬೈಲು, ಗಾಳಿ, ಎದುರಿಗೊಂದು ಬಿಳಿ ಮಸುಕು. ಬೈಯುತ್ತಾರೆ ಎಂದುಕೊಂಡ. ಬೈದರೆ ಹಗುರಾಗುತ್ತದೆ ಎಂದೂ ಅಂದುಕೊಂಡ, ಮತ್ತೆ ತನ್ನ ಹಗುರಕ್ಕೇ ದಾರಿ ಹುಡುಕುತ್ತಿದ್ದೇನಲ್ಲ ಎಂದು ಹೇಸಿಗೆಯಾಯಿತು.

"ಸೋಮವಾರ ಅಷ್ಟೂ ಮಂದಿ ಮುಂದ ಎದ್ದ ನಿಂತು ಹೇಳಿದ್ನಲ್ಲೋ" ಎಂದರು ಸಾವ್ಕಾರರು. ಅದು ಬೈಗಳಾಗಿರಲಿಲ್ಲ. ಸಣ್ಣವರು ಅಂಗಿ ಹರಿದುಕೊಂಡು ಮನೆಗೆ ಬಂದಾಗಿನ ದನಿ. "ಲಿಂಗ ಕೈಯಾಗ ಹಿಡ್ಕೊಂಡು ಹೇಳಿದೆ."

"ಕೇಳೇನ್ರಿ."

"ನೀ ಹೊರಗ ಕುಂತಿದ್ದಿ."

"ಕುಂತಿದ್ನಿರಿ."

"ನಕ್ಕಿದ್ದೇನು?"

"ಇಲ್ರಿ" ಎಂದ ಭೀಮಶಿ. "ಕಾಲ ಮುಚ್ಚಿಕೊಂಡಿದ್ನಿ."

ಮಸುಕು ಕದಲಲಿಲ್ಲ. "ಆ ಗುಳಿಗಿ ಡಬ್ಬಿ ಆಕಿ ಎಲ್ಲಿ ಇಟ್ಟಾಳೋ ಏನೋ" ಎಂದರು, ಇವನಿಗಲ್ಲ. ಆಮೇಲೆ ಮಾತು ನಿಂತಿತು. ಸಿಟ್ಟಿಗೆ ನಿಂತಿತೋ, ಅಳುವಿಗೋ, ಬರಿ ದಣಿವಿಗೋ ಭೀಮಶಿಗೆ ತಿಳಿಯಲಿಲ್ಲ. ಸತ್ಯ ಹೇಳಿದವನಿಗೆ ಕೇಳಿದವನ ಮುಖ ನೋಡುವ ಶಿಕ್ಷೆಯಾದರೂ ಇರುತ್ತದೆ. ಅವನಿಗೆ ಅದೂ ಇರಲಿಲ್ಲ. ಹದಿನಾರು ವರ್ಷ ಆ ಹುಬ್ಬು ಗಂಟಿಕ್ಕಿದ್ದನ್ನೂ ಬಿಚ್ಚಿದ್ದನ್ನೂ ನೋಡಿಯೇ ಅವನು ಕೋಲು ಆರಿಸಿ ಕೊಟ್ಟವನು. ಎರಡು ವರ್ಷದಿಂದ ಆ ಮುಖ ಹೇಗೆ ಮುದಿಯಾಗಿದೆಯೋ ಅವನಿಗೆ ಗೊತ್ತೇ ಇಲ್ಲ.

"ನನ್ನ ಮಾರಿ ಕಾಣತೈತೇನ ನಿನಗ?"

"ಇಲ್ರಿ."

ಒಣಹುಲ್ಲು ಮುರಿಯಿತು. ಒಂದು ಹೆಜ್ಜೆ. "ಈಗ?"

ಕಾಣತೈತ್ರಿ ಎಂಬ ಮಾತು ಬಾಯಿಯೊಳಗೆ ಬಂದು ಕೂತಿತ್ತು. ಅದನ್ನು ಹೇಳಿದರೆ ಮುಗಿಯುತ್ತಿತ್ತು, ಅವರಿಗೂ ಇವನಿಗೂ. ಎರಡು ವರ್ಷ ಎಲ್ಲದಕ್ಕೂ ಅದೇ ಉತ್ತರ. "ಇಲ್ರಿ" ಎಂದ.

ಇನ್ನೊಂದು ಹೆಜ್ಜೆ. ವಿಭೂತಿಯ ವಾಸನೆ, ಬೆವರಿನ ವಾಸನೆ. "ಈಗ?"

"ಇಭೂತಿ ಕಾಣಾಕತ್ತೈತ್ರಿ. ಕಣ್ಣ ಇನ್ನ ಕಾಣವಲ್ವು."

"ಇನ್ನ ಎಷ್ಟ ಬೇಕು?"

ಭೀಮಶಿ ತಡಮಾಡಿದ. ಗುಡಿಯಲ್ಲಿ ದೇವರ ಎದುರು ನಿಂತವನಂತೆ ಒಮ್ಮೆ ಉಸಿರು ಒಳಗೆಳೆದುಕೊಂಡು, ಎದುರಿನ ಮೂರು ಬಿಳಿ ಗೆರೆಗಳಿಂದ ತನ್ನ ತನಕ ಇರುವುದನ್ನು ಮನಸ್ಸಿನಲ್ಲೇ ಅಳೆದ.

"ಒಂದ ಹೆಜ್ಜಿ ರಿ" ಎಂದ. "ನಂದಲ್ಲ, ನಿಮ್ಮದು."

ಹುಲ್ಲಿನಿಂದ ಬೂಟು ಎತ್ತಿದ ಸದ್ದು ಕೇಳಿಸಿತು. ಇಟ್ಟ ಸದ್ದಿಗೆ ಕಾಯುತ್ತ, ತಲೆ ತಗ್ಗಿಸಬೇಕೆನಿಸಿದರೂ ತಗ್ಗಿಸದೆ, ಭೀಮಶಿ ಹಾಗೆಯೇ ನಿಂತ.